ಸಂಬಳ ಇಲ್ದೆ ಆಡಿದ ಪಾರ್ಮಾ
ಇಟಲಿಯ ಫುಟ್‌ಬಾಲ್ ಕ್ಲಬ್ ಪಾರ್ಮಾದ 2014-15ರ ಸೀಸನ್ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಹಿಂದಿನ ವರ್ಷ ಅಲ್ಲಿನ ಟಾಪ್ ಲೀಗ್ ಸೀರಿ ಎನಲ್ಲಿ 6ನೇ ಸ್ಥಾನ ಬಂದಿದ್ದ ಟೀಮು, ಟ್ಯಾಕ್ಸ್ ಬಾಕಿ ಅಂತ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್ ಆಡೋ ಲೈಸೆನ್ಸೇ ಸಿಗ್ಲಿಲ್ಲ, ಆಮೇಲೆ ಬರೀ 1 ಯೂರೋಗೆ ಕೈ ಬದಲಾಯ್ತು, ಪ್ಲೇಯರ್ಸ್‌ಗೆ ತಿಂಗಳುಗಟ್ಲೆ ಸಂಬಳ ಇಲ್ಲ, ಫೆಬ್ರವರೀಲಿ ಸ್ಟೇಡಿಯಂ ಸೆಕ್ಯುರಿಟಿಗೂ ಕಾಸಿಲ್ದೆ ಉದಿನೇಸೆ ಟೀಮಿನ ಜೊತೆಗಿನ ಮ್ಯಾಚೇ ಮುಂದಕ್ಕೆ ಹೋಯ್ತು. ಡ್ರೆಸ್ಸಿಂಗ್ ರೂಮಿನ ಬೆಂಚನ್ನೂ ಹರಾಜಿಗೆ ಇಟ್ರು ಕಣ್ರೀ! ಮಾರ್ಚಲ್ಲಿ ಕೋರ್ಟು ದಿವಾಳಿ ಅಂತ ಘೋಷಿಸ್ತು.

ಅಂಥ ಟೀಮು ಏಪ್ರಿಲ್‌ನಲ್ಲಿ ಲೀಗ್ ಚಾಂಪಿಯನ್ ಯುವೆಂಟಸ್‌ನ 1-0 ಸೋಲಿಸ್ತು, ಗೋಲು ಹೊಡೆದಿದ್ದು ಹೋಸೆ ಮೌರಿ. ಕೊನೇಗೆ ನಾಲ್ಕನೇ ದರ್ಜೆಯ ಸೀರಿ ಡಿಗೆ ಬಿದ್ರೂ ಕ್ಯಾಪ್ಟನ್ ಲುಕರೆಲ್ಲಿ ಮಾತ್ರ ಬಿಟ್ಟು ಹೋಗ್ಲಿಲ್ಲ, ಎಂಥಾ ಮನುಷ್ಯ ರೀ, 2018ರಲ್ಲಿ ವಾಪಸ್ ಸೀರಿ ಎಗೆ ತಂದ್ಮೇಲೇ ರಿಟೈರ್ ಆಗಿದ್ದು.