ಮೆರೂನ್ ಮೇಣಬತ್ತಿಗೆ ಬಿಳಿ ಮಚ್ಚೆ

ಡಿಸೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯುವುದಿಲ್ಲ. ಮನೆಯಲ್ಲೇ ಮೇಣಬತ್ತಿ ಮಾಡಿ ಮಾರುವ ನನ್ನಂಥವರಿಗೆ ತಲೆನೋವು ಶುರುವಾಗುವುದೂ ಆಗಲೇ, ಆರ್ಡರ್ ಜಾಸ್ತಿ ಬರುವುದೂ ಆಗಲೇ. ಕ್ಯಾಂಪಿನವರಿಗೆ, ಅಂದರೆ ಊರಿನ ಕಂಟೋನ್ಮೆಂಟ್ ಕಡೆಯವರಿಗೆ, ಕ್ರಿಸ್‌ಮಸ್‌ಗೆ ಬೇಕು. ಉಳಿದವರಿಗೆ ಮದುವೆ, ವಾಸ್ತುಶಾಂತಿಗೆ ರಿಟರ್ನ್ ಗಿಫ್ಟ್ ಕೊಡಲು ಬೇಕು.

ನಮ್ಮ ಓಣಿಯ ವೈನಿಯೊಬ್ಬರು ಹೋದ ವರ್ಷ ಹೀಗೇ ಆರ್ಡರ್ ಕೊಟ್ಟರು. ಹೊಸ ಮನೆ. ಧನುರ್ಮಾಸ ಹಿಡಿಯುವ ಮೊದಲೇ ವಾಸ್ತುಶಾಂತಿ ಮುಗಿಸುವ ಅವಸರ. ಅರ್ಧ ಬಿಳಿ, ಅರ್ಧ ಮೆರೂನ್, ಎಲ್ಲವೂ ಬಣ್ಣವಿಲ್ಲದ ಗಾಜಿನ ಜಾರಿನಲ್ಲಿ ಆಗಬೇಕು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಮೆರೂನ್ ಬಣ್ಣ ತಳದಿಂದ ತುದಿಯವರೆಗೆ ಒಂದೇ ಸಮ, ಮೇಲೆ ಒಂದು ಗೆರೆಯೂ ಇಲ್ಲ.

"ಸೋಯಾ ಮೇಣಕ್ಕ ಗಾಢ ಬಣ್ಣ ಹಾಕಿದ್ರ ಬಿಳಿ ಬಿಳಿ ಮಚ್ಚಿ ಬೀಳ್ತಾವ್ರಿ ವೈನಿ, ಅದೂ ಈ ಥಂಡಿಯೊಳಗ" ಎಂದು ಅವತ್ತೇ ಹೇಳಿದೆ.

"ಏನೂ ಆಗಂಗಿಲ್ಲ, ನೀ ಮಾಡವಾ" ಎಂದು ಅಡ್ವಾನ್ಸ್ ಕೊಟ್ಟು ಹೋದರು.

ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆ ನನ್ನದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸುತ್ತೇನೆ. 75 ಡಿಗ್ರಿ ಹೊತ್ತಿಗೆ ಬಣ್ಣ, ಪರಿಮಳದ ಎಣ್ಣೆ. 100 ಗ್ರಾಂ ಮೇಣಕ್ಕೆ 6ರಿಂದ 8 ಗ್ರಾಂ ಎಣ್ಣೆ ಸಾಕು. ಆಮೇಲೆ ಆರಲು ಬಿಟ್ಟು, 60 ಡಿಗ್ರಿಗೆ ಇಳಿದಾಗ ಜಾರಿಗೆ ಸುರಿಯುವುದು. ಜಾರುಗಳನ್ನೂ ಮೊದಲೇ ಬೆಚ್ಚಗೆ ಮಾಡಿಟ್ಟುಕೊಂಡಿದ್ದೆ. ಕಟ್ಟೆಯ ಮೇಲೆ ಎಲ್ಲಕ್ಕೂ ಜಾಗ ಸಾಲದೆ ಒಂದು ಸಾಲು ಕಿಟಕಿಯ ಕೆಳಗೇ ಇಡಬೇಕಾಯಿತು. ತಿಲಕವಾಡಿಯ ಹಳೇ ಮನೆ ನಮ್ಮದು, ಕಿಟಕಿ ಎಷ್ಟು ಹಾಕಿದರೂ ಸಂದಿಯಿಂದ ಗಾಳಿ ಬರುತ್ತದೆ. ಮೇಲೆ ರಟ್ಟಿನ ಡಬ್ಬಿ ಕವುಚಿ ಮಲಗಿದೆ.

ಬೆಳಗ್ಗೆ ಡಬ್ಬಿ ತೆಗೆದರೆ ಹೇಳಿದಂತೆಯೇ ಆಗಿತ್ತು, ಹೇಳದ್ದೂ ಆಗಿತ್ತು.

ಮೆರೂನ್ ಜಾರುಗಳಿಗೆಲ್ಲ ಒಳಗಿನಿಂದ ಬಿಳಿ ಹಬ್ಬಿತ್ತು. ಜಾರಿನ ಭುಜದ ಹತ್ತಿರ ದಟ್ಟವಾಗಿ, ಕೆಳಗೆ ಹೋದಂತೆ ತೆಳುವಾಗಿ, ಸಣ್ಣ ಸಣ್ಣ ಎಸಳು ಬಿಡಿಸಿಕೊಂಡಿತ್ತು. ಇದಕ್ಕೆ ಮೇಣಬತ್ತಿ ಮಾಡುವವರು ಫ್ರಾಸ್ಟಿಂಗ್ ಅಂತಾರೆ. ಬಿಳಿ ಜಾರುಗಳಲ್ಲೂ ಅದು ಇತ್ತು, ಬಿಳಿಯೊಳಗೆ ಬಿಳಿ ಆದ್ದರಿಂದ ಕಾಣಲಿಲ್ಲ ಅಷ್ಟೇ. ಕಿಟಕಿ ಸಾಲಿನವುಗಳಿಗೆ ಇನ್ನೊಂದು ಸೇರಿತ್ತು. ಗಾಜಿಗೂ ಮೇಣಕ್ಕೂ ನಡುವೆ ಅಲ್ಲಲ್ಲಿ ಒದ್ದೆ ಕಲೆ. ನಿಜಕ್ಕೂ ಅಲ್ಲಿ ನೀರಿರುವುದಿಲ್ಲ. ಮೇಣ ಆರುವಾಗ ಕುಗ್ಗಿ ಗಾಜನ್ನು ಬಿಡುತ್ತದೆ, ಬಿಟ್ಟ ಜಾಗ ಹೊರಗಿನಿಂದ ಒದ್ದೆ ಕಾಣುತ್ತದೆ. ಕೆಲವದರಲ್ಲಿ ಬತ್ತಿಯ ಬುಡಕ್ಕೆ ಸಣ್ಣ ಗುಂಡಿ.

ಅವ್ವ ಚಹಾ ಹಿಡಿದುಕೊಂಡು ಬಂದು ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. "ತುಪ್ಪ ಕಟಗೊಂಡಂಗ ಕಟಗೊಂಡೈತಿ ಬಿಡು" ಎಂದು ಕೆಳಗಿಟ್ಟಳು.

ಅವಳು ಸುಮ್ನೆ ಹೇಳಿದ್ದಿರಬಹುದು, ಆದರೆ ಒಳಗೆ ನಡೆಯುವುದು ಅದೇ. ಸೋಯಾ ಮೇಣ ಎಂದರೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಸೋಯಾಬೀನ್ ಎಣ್ಣೆ, ವನಸ್ಪತಿ ಮಾಡುವ ದಾರಿಯಲ್ಲೇ ಮಾಡಿದ್ದು. ಕೊಬ್ಬು ಆರುವಾಗ ಹರಳು ಕಟ್ಟುತ್ತದೆ. ಹೇಗೆ ಆರುತ್ತದೋ ಅದರ ಮೇಲೆ ಹರಳು ಸಣ್ಣದು, ದೊಡ್ಡದು. ತುಪ್ಪದಲ್ಲಿ ಅದನ್ನು ಮರಳು ಮರಳು ಎಂದು ಮೆಚ್ಚಿ ತಿನ್ನುತ್ತೇವೆ, ಮೇಣಬತ್ತಿಯಲ್ಲಿ ಕಂಡರೆ ಹಣ ವಾಪಸ್ ಕೇಳುತ್ತೇವೆ. ಅಂದಹಾಗೆ ಬೈಲಹೊಂಗಲದ ಕಡೆ ಹೊಲದ ತುಂಬ ಸೋಯಾಬೀನ್ ಬೆಳೆಯುತ್ತಾರೆ. ನನಗೆ ಮೇಣ ಮಾತ್ರ ದೂರದಿಂದ ಕೊರಿಯರಿನಲ್ಲಿ ಬರುತ್ತದೆ.

ಆ ದಿನ ಪೂರ್ತಿ ಜಾರುಗಳನ್ನು ವಿಂಗಡಿಸುವುದರಲ್ಲೇ ಹೋಯಿತು. ನಾನು ನೋಡುವುದು ಒಂದೇ: ಈ ದೋಷ ಉರಿಯುವಾಗ ತೊಂದರೆ ಕೊಡುತ್ತದೋ, ಬರೀ ಕಣ್ಣಿಗೆ ಕಾಣುತ್ತದೋ?

ಗುಂಡಿ ಬಿದ್ದದ್ದನ್ನು ಮೊದಲು ಹಿಡಿದೆ. ಮೇಣ ಮೇಲಿನಿಂದ, ಅಂಚಿನಿಂದ ಗಟ್ಟಿಯಾಗುತ್ತ ಬರುತ್ತದೆ, ನಡುವಿನದು ಕೊನೆಗೆ ಆರಿ ಕುಗ್ಗುತ್ತದೆ. ಹಾಗಾಗಿ ಮೇಲೆ ಕಡಲೆಕಾಳಿನಷ್ಟು ತೂತಿದ್ದರೂ ಕೆಳಗೆ ಪೊಳ್ಳು ಇರಬಹುದು. ಬಿದಿರಿನ ಕಡ್ಡಿಯಿಂದ ಬತ್ತಿಯ ಪಕ್ಕ ಮೆಲ್ಲಗೆ ಚುಚ್ಚಿದರೆ ಗೊತ್ತಾಗುತ್ತದೆ. ಮೊದಲು ಗಟ್ಟಿ ತಾಗುತ್ತದೆ, ಆಮೇಲೆ ಕಡ್ಡಿ ಪುಸಕ್ಕನೆ ಒಳಗೆ ಹೋಗುತ್ತದೆ. ಅಂಥದ್ದನ್ನು ಬಿಟ್ಟರೆ ಉರಿಯುವಾಗ ಕರಗಿದ ಮೇಣ ಆ ಪೊಳ್ಳಿಗೆ ಇಳಿದು ಜ್ವಾಲೆ ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು ಆಗುತ್ತದೆ. ಬಾಯಿ ಅಗಲ ಮಾಡಿ, ಉಳಿಸಿಟ್ಟ ಮೇಣವನ್ನು ಮೊದಲಿಗಿಂತ ತುಸು ಬಿಸಿಯಾಗಿ ಸುರಿದೆ. ತಣ್ಣಗಿದ್ದರೆ ಹಳೆಯದಕ್ಕೆ ಅಂಟದೆ ಬೇರೆ ಪದರವಾಗಿ ಕೂರುತ್ತದೆ.

ಮೇಲ್ಮೈ ಒರಟಾದವಕ್ಕೆ ಹೀಟ್ ಗನ್, ಅಂದರೆ ಸುಡುವ ಗಾಳಿ ಊದುವ ಉಪಕರಣ. ಕೂದಲು ಒಣಗಿಸುವ ಡ್ರೈಯರಿನಲ್ಲೂ ಆಗುತ್ತದೆ ಅಂತಾರೆ. ಅದರ ಗಾಳಿಗೆ ಕರಗಿದ ಮೇಣ ಗಾಜಿನ ಒಳಗೋಡೆಗೆ ಸಿಡಿಯುತ್ತದೆ, ನನಗಂತೂ ಸೇರಿಲ್ಲ. ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸುತ್ತಿರಬೇಕು, ಇಲ್ಲದಿದ್ದರೆ ಗಾಜು ಬಿರುಕು ಬಿಡಬಹುದು. ಮೇಲಿನ ತೆಳು ಪದರ ಕರಗಿ ಹೊಳೆಯುವುದು, ಮತ್ತೆ ನಿಧಾನ ಮಬ್ಬಾಗುತ್ತ ಗಟ್ಟಿಯಾಗುವುದು, ಇದು ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ.

ಒದ್ದೆ ಕಲೆಗೆ ಏನೂ ಮಾಡಲಿಲ್ಲ. ಅದು ಹವೆ ಜೊತೆ ಬಂದು ಹೋಗುವಂಥದ್ದು. ಮಧ್ಯಾಹ್ನ ಬಿಸಿಲು ಏರಿದಾಗ ಕೆಲವು ಜಾರುಗಳಲ್ಲಿ ಮಾಯವಾಯಿತು. ಚೆನ್ನಾಗಿದ್ದ ಒಂದೆರಡರಲ್ಲಿ ಹೊಸದಾಗಿ ಬಂತು. ಅದರ ಹಿಂದೆ ಬಿದ್ದವರಿಗೆ ನಿದ್ದೆ ಇಲ್ಲ. ವೆನಿಲ್ಲಾ ಪರಿಮಳ ಹಾಕಿದರೆ ಬಿಳಿ ಮೇಣ ದಿನ ಕಳೆದಂತೆ ಕಂದು ತಿರುಗುತ್ತದೆ, ಅದರೊಳಗಿನ ವೆನಿಲಿನ್ ಗುಣ. ವೈನಿ ಮಲ್ಲಿಗೆ ಕೇಳಿದ್ದರು, ಆ ಚಿಂತೆ ಒಂದು ಇರಲಿಲ್ಲ.

ಫ್ರಾಸ್ಟಿಂಗ್‌ಗೂ ಮದ್ದಿಲ್ಲ. ಪೂರ್ತಿ ಕರಗಿಸಿ ಮತ್ತೆ ಸುರಿದರೂ ಈ ಚಳಿಯಲ್ಲಿ ಮತ್ತೆ ಬರುತ್ತದೆ. ಪೆಟ್ರೋಲಿಯಂನಿಂದ ಮಾಡುವ ಪ್ಯಾರಾಫಿನ್ ಮೇಣ ಬೆರೆಸಿದರೆ ಕಮ್ಮಿಯಾಗುತ್ತದೆ, ನಿಜ. ಆದರೆ ಸೋಯಾ ಎಂದು ಹೇಳಿ ಮಾರುವುದು ಒಂದು, ಒಳಗಿರುವುದು ಇನ್ನೊಂದು ಆಗಬಾರದಲ್ವಾ?

ಸಂಜೆ ವೈನಿ ಬಂದರು. ಮೆರೂನ್ ಜಾರು ಎತ್ತಿದವರೇ, "ಇದೇನ ತಂಗಿ, ಬೂಸರ ಹಿಡದೈತಲ್ಲ!" ಎಂದರು.

"ಬೂಸರ ಅಲ್ರಿ ವೈನಿ, ಮೇಣದ ಗುಣಾನ ಹಂಗ. ಕುಂದ್ರರಿ, ಹಚ್ಚಿ ತೋರಸ್ತೀನಿ."

ಎರಡನ್ನು ಪಕ್ಕಪಕ್ಕ ಹಚ್ಚಿದೆ, ಒಂದು ಮಚ್ಚೆ ಇರುವುದು, ಒಂದು ಬಿಳಿ. ಜಾರು ಒಂದು ಇಂಚು ಅಗಲಕ್ಕೆ ಸುಮಾರು ಒಂದು ಗಂಟೆ ಉರಿಯಬೇಕು, ಆಗ ಕರಗಿದ ಮೇಣ ಗಾಜಿನ ಅಂಚು ಮುಟ್ಟುತ್ತದೆ. ನಮ್ಮದು ಸುಮಾರು ಮೂರು ಇಂಚಿನ ಜಾರು. ವೈನಿ ಚಹಾ ಕುಡಿದರು, ಅವ್ವನ ಜೊತೆ ಇಡೀ ಓಣಿಯ ಸುದ್ದಿ ಮುಗಿಸಿದರು. ಎರಡೂ ಒಂದೇ ರೀತಿ ಉರಿದವು, ಹೊಗೆ ಇಲ್ಲ. ಕರಗಿದ ಕಡೆ ಮೆರೂನ್ ಬಣ್ಣ ಗಾಢವಾಗಿ ಹೊಳೆಯುತ್ತಿತ್ತು.

"ಉರ್ಯಾಕ ಚಂದ ಐತಿ, ಕೊಡಾಕ ಚಂದಿಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಉಡುಗೊರೆ ಕೊಡುವವರು ಹಚ್ಚಿ ಕೊಡುವುದಿಲ್ಲವಲ್ಲ. ಕಾಗದದ ಅಗಲ ಪಟ್ಟಿ ಸುತ್ತಿ ಕೊಡಲೇ ಎಂದೆ, ಒಪ್ಪಲಿಲ್ಲ. ಕೊನೆಗೆ ಖಾನಾಪುರದ ಮಣ್ಣಿನ ಕಪ್ ನೆನಪಾಯಿತು. ಒಳಗೆ ಗ್ಲೇಜ್, ಅಂದರೆ ಗಾಜಿನಂಥ ನುಣುಪು ಲೇಪ, ಮಾಡಿದ್ದೇ ಬೇಕು, ಬರೀ ಮಣ್ಣಿನದಾದರೆ ಮೇಣ ಹೀರುತ್ತದೆ. ಅದರಲ್ಲಿ ಪಕ್ಕದ್ದು ಕಾಣುವ ಮಾತೇ ಇಲ್ಲ. ಮೇಲ್ಭಾಗಕ್ಕೆ ಹೀಟ್ ಗನ್ ಇದ್ದೇ ಇದೆ. ಕಪ್ ನೋಡಿದ್ದೇ ವೈನಿಯ ಮುಖ ಅರಳಿತು. ಒಂದನ್ನು ಬಿಟ್ಟು ಉಳಿದ ಮೆರೂನ್ ಎಲ್ಲವನ್ನೂ ಕರಗಿಸಿ, ಹೊಸ ಬತ್ತಿ ನಿಲ್ಲಿಸಿ ಕಪ್‌ಗಳಿಗೆ ಸುರಿದೆ. ಕಪ್‌ಗಳ ದುಡ್ಡು ಬೇರೆ ಕೊಡಿ ಎಂದರೆ ಅರ್ಧಕ್ಕೆ ಇಳಿಸಿದರು, ಅದು ಬೇರೆ ಮಾತು.

ಈಗ ಚಳಿಗಾಲದಲ್ಲಿ ಗಾಜಿನ ಜಾರಿಗೆ ಬಿಳಿ, ತಿಳಿ ಬಣ್ಣ ಮಾತ್ರ ಮಾಡುತ್ತೇನೆ. ಗಾಢ ಬಣ್ಣ ಬೇಕೆಂದವರಿಗೆ ಖಾನಾಪುರದ ಮಣ್ಣಿನ ಕಪ್. ಮಚ್ಚೆ ಬಿದ್ದ ಒಂದು ಮೆರೂನ್ ಜಾರನ್ನು ಕರಗಿಸದೆ ಹಾಗೇ ಇಟ್ಟಿದ್ದೇನೆ, ಫೋಟೋ ಹಿಡಿದುಕೊಂಡು ಬರುವವರಿಗೆ ಆರ್ಡರ್ ಬರೆದುಕೊಳ್ಳುವ ಮೊದಲು ತೋರಿಸಲು.