ಟಿನಿಯನ್‌ನ 60 ಗಜದ ದಂಡೆ: ಸೈಪಾನ್ ದಾರಿಯಾಗಿ ಹೋಗುವವರಿಗೆ

ಟಿನಿಯನ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಅಣುಬಾಂಬು. ಸೈಪಾನಿನಿಂದ ಬೆಳಿಗ್ಗೆ ಹೊರಟು, ಆ ಬಾಂಬನ್ನು ವಿಮಾನಕ್ಕೆ ಏರಿಸಲು ತೋಡಿದ್ದ ಗುಂಡಿಗಳ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಗೆ ವಾಪಸ್. ದಯವಿಟ್ಟು ಹಾಗೆ ಮಾಡಬೇಡಿ. ಸೈಪಾನಿಗೆ ಎರಡು ದಿನ ಕೊಡಿ, ಆಮೇಲೆ ಟಿನಿಯನ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಕ್ರಮ ಇದೇ ಇರಲಿ. ಮೊದಲನೆಯದನ್ನು ನೋಡದೆ ಎರಡನೆಯದು ಅರ್ಥವಾಗುವುದಿಲ್ಲ.

ಎರಡೂ ಪೆಸಿಫಿಕ್ ಸಾಗರದಲ್ಲಿರುವ, ಅಮೆರಿಕಕ್ಕೆ ಸೇರಿದ ಉತ್ತರ ಮರಿಯಾನಾ ದ್ವೀಪಗಳು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾ ಬೇಕು. ಅಮೆರಿಕದಲ್ಲೇ ಕೆಲಸದಲ್ಲಿರುವವರೂ ‘ದೇಶದೊಳಗಿನ ಪ್ರಯಾಣ ತಾನೆ’ ಅಂದುಕೊಂಡು ಕಾಗದಪತ್ರ ಮನೆಯಲ್ಲಿ ಬಿಟ್ಟು ಬರಬೇಡಿ. ಅಮೆರಿಕದ್ದೇ ಆದ ಪಕ್ಕದ ಗುವಾಮ್ ದ್ವೀಪದ ಮೂಲಕ ಹೋದರೆ ದಾಖಲೆ ನೋಡುತ್ತಾರೆ. ಜುಲೈನಿಂದ ನವೆಂಬರ್‌ವರೆಗೆ ಮಳೆ, ಚಂಡಮಾರುತದ ಕಾಲ. 2018ರ ಅಕ್ಟೋಬರಿನಲ್ಲಿ ಯೂಟು ಚಂಡಮಾರುತ ಈ ಎರಡು ದ್ವೀಪಗಳನ್ನೇ ಹೊಡೆದು ಹಾಕಿತ್ತು. ಹೋಗುವುದಾದರೆ ಡಿಸೆಂಬರ್ ಆದಮೇಲೆ ಹೋಗಿ.

ಸೈಪಾನಿನಲ್ಲಿ ಗರಪಾನ್‌ನ ಅಮೆರಿಕನ್ ಮೆಮೋರಿಯಲ್ ಪಾರ್ಕಿನಿಂದ ಶುರುಮಾಡಿ. ನಂತರ ಪಶ್ಚಿಮ ತೀರದುದ್ದಕ್ಕೂ ದಕ್ಷಿಣಕ್ಕೆ ಬನ್ನಿ. ದಡದಲ್ಲಿ ನಿಂತರೇ ತಿಳಿನೀಲಿ ನೀರಿನಿಂದ ಶರ್ಮನ್ ಟ್ಯಾಂಕಿನ ಗೋಪುರ ತಲೆಯೆತ್ತಿರುವುದು ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ಈ ದ್ವೀಪಗಳು ಜಪಾನಿನ ಕೈಯಲ್ಲಿದ್ದವು. 1944ರ ಜೂನ್ 15ರ ಬೆಳಿಗ್ಗೆ ಮೊದಲ 20 ನಿಮಿಷದಲ್ಲೇ ಅಮೆರಿಕದ ಸುಮಾರು 8,000 ಮರೀನ್ ಸೈನಿಕರು ಇಲ್ಲಿ ಇಳಿದರು. ಹವಳದ ದಿಬ್ಬವನ್ನು ಮಾಮೂಲಿ ದೋಣಿ ದಾಟಲಾರದು, ಹಾಗಾಗಿ ನೀರಲ್ಲೂ ನೆಲದಲ್ಲೂ ಓಡುವ ಆಮ್‌ಟ್ರ್ಯಾಕ್ ವಾಹನಗಳಲ್ಲಿ ಬಂದರು. ಗುಡ್ಡದ ಹಿಂದಿದ್ದ ಜಪಾನೀ ಫಿರಂಗಿಗಳು ಈ ನೀರಿನ ಮೇಲೆ ಮೊದಲೇ ಗುರಿ ಲೆಕ್ಕ ಹಾಕಿಟ್ಟಿದ್ದವು. ಆ ಒಂದೇ ದಿನ ಅಮೆರಿಕನ್ನರಲ್ಲಿ ಸತ್ತವರು, ಗಾಯಗೊಂಡವರು ಸೇರಿ 2,000ಕ್ಕೂ ಹೆಚ್ಚು.

ಉತ್ತರ ತುದಿಯ ಮಾರ್ಪಿ ಬಂಡೆಗಳಿಗೆ ಸಂಜೆ ಹೋಗಿ. ಸೋಲು ಖಚಿತವಾದಾಗ ಜಪಾನೀ ನಾಗರಿಕರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರೂ ಸೇರಿ, ಅಮೆರಿಕನ್ನರ ಕೈಗೆ ಸಿಗಬಾರದೆಂದು ಸಮುದ್ರಕ್ಕೆ ಹಾರಿದ ಜಾಗ ಅದು. ನಾನು ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.

ಟಿನಿಯನ್‌ಗೆ ಹೋಗುವುದು ಪುಟ್ಟ ವಿಮಾನ. ಬ್ಯಾಗಿನ ಜೊತೆ ನಮ್ಮನ್ನೂ ತೂಕಕ್ಕೆ ನಿಲ್ಲಿಸಿ, ಆ ಲೆಕ್ಕದಲ್ಲಿ ಸೀಟು ಕೊಡುತ್ತಾರೆ. ಹದಿನೈದು ನಿಮಿಷವೂ ಹಿಡಿಯುವುದಿಲ್ಲ. ಅಲ್ಲಿ ಬಸ್ಸಿಲ್ಲ, ಕಾರನ್ನು ಮೊದಲೇ ಬುಕ್ ಮಾಡಿ. ಸ್ಯಾನ್ ಹೋಸೆ ಊರಲ್ಲಿ ಪೆಟ್ರೋಲು, ನೀರು ತುಂಬಿಸಿಕೊಳ್ಳಿ, ಉತ್ತರಕ್ಕೆ ಹೋದರೆ ಅಂಗಡಿಯೇ ಇಲ್ಲ. ಸಸ್ಯಾಹಾರಿಗಳಿಗೆ ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ ಇದ್ದರೆ ನಿಶ್ಚಿಂತೆ.

ನಾನು ಹೋಗಿದ್ದೇ ಉನಾಯ್ ಬಾಬುಯ್ ಮತ್ತು ಉನಾಯ್ ಚುಲು ಅನ್ನುವ ಎರಡು ದಂಡೆಗಳಿಗಾಗಿ. ಯುದ್ಧದ ನಕ್ಷೆಯಲ್ಲಿ ಇವು ವೈಟ್ ಬೀಚ್ 1 ಮತ್ತು 2. ಮೊದಲನೆಯದರ ಅಗಲ 60 ಗಜ, ಎರಡನೆಯದು 160 ಗಜ. ಬಾಬುಯ್‌ನಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆ, 80 ಹೆಜ್ಜೆ ಆಗಲಿಲ್ಲ. ಎರಡೂ ಪಕ್ಕ ಚೂರಿಯಂಥ ಹವಳದ ಕಲ್ಲು. ಚಪ್ಪಲಿ ಸಾಲದು, ದಪ್ಪ ಅಟ್ಟೆಯ ಶೂ ಬೇಕು.

ಇಷ್ಟು ಇಕ್ಕಟ್ಟಿನಲ್ಲಿ ಯಾರೂ ಸೇನೆ ಇಳಿಸಲಾರರು ಎಂದು ಜಪಾನೀಯರು ದಕ್ಷಿಣದ ಟಿನಿಯನ್ ಟೌನ್ ಕಡೆ, ಅಂದರೆ ಈಗಿನ ಸ್ಯಾನ್ ಹೋಸೆಯಲ್ಲಿ, ಬಲ ಕೂಡಿಸಿದ್ದರು. ಅದೇ 1944ರ ಜುಲೈ 24ರಂದು ಅಮೆರಿಕನ್ನರು ಅಲ್ಲಿ ಇಳಿಯುವ ನಟನೆ ಮಾಡಿದರು. ಅವರ ಕೊಲರಾಡೊ ಯುದ್ಧನೌಕೆಗೆ ದಡದ ಫಿರಂಗಿಗಳಿಂದ 22 ಏಟು ಬಿದ್ದು 43 ಜನ ಸತ್ತರು. ಅತ್ತ ಈ ಸಣ್ಣ ದಂಡೆಗಳಲ್ಲಿ ಸಂಜೆಯೊಳಗೆ 15,000ಕ್ಕೂ ಹೆಚ್ಚು ಜನ ಇಳಿದಾಗಿತ್ತು. ದಡದಲ್ಲಿ ಸತ್ತವರು 15. ಕಲ್ಲಿನ ಅಂಚು ಹತ್ತಲು ಕೆಲವು ಆಮ್‌ಟ್ರ್ಯಾಕ್‌ಗಳಿಗೆ ಉಕ್ಕಿನ ಏಣಿಯಂಥ ಸೇತುವೆ ಕಟ್ಟಿದ್ದರು. ಅದರ ತೊಲೆಗಳು ಬಂದದ್ದು ಸೈಪಾನಿನ ಹಾಳುಬಿದ್ದ ಸಕ್ಕರೆ ಕಾರ್ಖಾನೆಯಿಂದ. ಮಂಡ್ಯ ಕಡೆಯವಳಾದ ನನಗೆ ಇದು ಮರೆಯುವ ಮಾತಲ್ಲ. ಟಿನಿಯನ್ ಕೂಡ ಆಗ ಕಬ್ಬಿನ ದ್ವೀಪವೇ.

ಈಗ ಕಬ್ಬಿಲ್ಲ, ಎಲ್ಲಿ ನೋಡಿದರೂ ತಂಗನ್‌ತಂಗನ್ ಪೊದೆ. ಕಾಯಿ ಬಿಡಿಸಿ ನೋಡಿದರೆ ನಮ್ಮ ಸುಬಾಬುಲ್! ಯುದ್ಧದಲ್ಲಿ ಬೋಳಾದ ಮಣ್ಣು ಕೊಚ್ಚಿಹೋಗದಿರಲಿ ಎಂದು ಬೀಜ ಚೆಲ್ಲಿ ಬೆಳೆಸಿದ್ದು. ಆ ಪೊದೆಯೊಳಗೆ ದಾರಿ ಬಿಟ್ಟು ನುಗ್ಗಬೇಡಿ, ಸಿಡಿಯದ ಗುಂಡುಗಳು ಇನ್ನೂ ಇವೆ. ಲೋಹದ ಚೂರು ಕಂಡರೆ ಮುಟ್ಟಬೇಡಿ.

ದ್ವೀಪ ಗೆದ್ದಮೇಲೆ ಅಮೆರಿಕನ್ನರು ಬಳಸಿದ ವಿಮಾನನೆಲೆ ನಾರ್ತ್ ಫೀಲ್ಡ್ ಅಲ್ಲೇ ಹತ್ತಿರ. ಸುಮಾರು 2,600 ಮೀಟರ್ ಉದ್ದದ ನಾಲ್ಕು ರನ್‌ವೇಗಳು. ಅಣುಬಾಂಬು, ವಿಮಾನದ ಹೊಟ್ಟೆಯಡಿ ತೂರದಷ್ಟು ದೊಡ್ಡದಾಗಿದ್ದರಿಂದ ಅದನ್ನು ಗುಂಡಿಗಿಳಿಸಿ, ಮೇಲೆ ಬಿ-29 ಬಾಂಬರ್ ವಿಮಾನ ತಂದು ನಿಲ್ಲಿಸಿ, ಕೆಳಗಿಂದ ಎತ್ತಿ ಕೂರಿಸುತ್ತಿದ್ದರು. ಗುಂಡಿಗಳಿಗೆ ಈಗ ಗಾಜಿನ ಹೊದಿಕೆ. 1945ರ ಆಗಸ್ಟ್ 6ರ ನಸುಕಿನ 2.45ಕ್ಕೆ ಎನೋಲಾ ಗೇ ಹೆಸರಿನ ಬಿ-29 ಬಾಂಬು ಹೊತ್ತು ಹಿರೋಶಿಮಾಕ್ಕೆ ಹಾರಿದ್ದು ಏಬಲ್ ರನ್‌ವೇಯಿಂದ. ಸೇನೆಯ ಕೆಲಸ, ತಾಲೀಮು ನಡೆಯುವಾಗ ಈ ಭಾಗಕ್ಕೆ ಬಿಡುವುದಿಲ್ಲ. ಹಿಂದಿನ ದಿನವೇ ಊರಲ್ಲಿ ವಿಚಾರಿಸಿ.

ನಮ್ಮ ವಾಪಸ್ ವಿಮಾನ ಮಳೆಗೆ ರದ್ದಾಗಿ ಇನ್ನೊಂದು ರಾತ್ರಿ ಉಳಿಯಬೇಕಾಯಿತು. ಸೈಪಾನಿನಿಂದ ಮುಂದಿನ ಟಿಕೆಟ್ಟಿಗೆ ನಡುವೆ ಒಂದು ದಿನ ಬಿಟ್ಟಿದ್ದರಿಂದ ಬಚಾವಾದೆವು. ನೀವೂ ಹಾಗೇ ಬಿಡಿ.