ರೈಲು ಬಂದ್ರೆ ಎಂತ ಮಾಡ್ತೆ?

ಭಾನುವಾರದಿಂದ ಆಯಿಯ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಇಬ್ಬರೂ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಇಂಗ್ಲೆಂಡಿನ ಬಾತ್ ಊರಿನಿಂದ ತಮ್ಮನ ವಿಡಿಯೊ ಕಾಲ್ ಬಂತು. ಸೈಕಲ್ ತಳ್ಳಿಕೊಂಡು ಸುರಂಗದೊಳಗೆ ನಡೆಯುತ್ತಿದ್ದ. ಕೂಂಬ್ ಡೌನ್ ಸುರಂಗವಂತೆ, 1,672 ಮೀಟರ್ ಉದ್ದ. ಸಾಲು ದೀಪ, ಕಾಲಡಿಗೆ ಡಾಂಬರು. "ಇದು ರೈಲಿನ ಸುರಂಗ ಆಯಿ," ಎಂದ. ಮೆಟ್ಟುಗತ್ತಿಯ ಮೇಲಿದ್ದ ಆಯಿಯ ಕೈ ನಿಂತಿತು.

"ತಮಾ, ರೈಲು ಬಂದ್ರೆ ಎಂತ ಮಾಡ್ತೆ?"

ಅವನು ಜೋರಾಗಿ ನಕ್ಕ. ನಾನೂ ನಕ್ಕೆ. ಅದೇ ಈಗ ಚುಚ್ಚುತ್ತಿದೆ.

ಅಲ್ಲಿ ರೈಲು ನಿಂತಿದ್ದು 1966ರಲ್ಲಿ, ಆಯಿ ಹುಟ್ಟಿದ ವರ್ಷ. ಎಷ್ಟೋ ಕಾಲ ಪಾಳುಬಿದ್ದ ಸುರಂಗವನ್ನು 2013ರಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ತೆರೆದರು. ತಮ್ಮ ಇದನ್ನೆಲ್ಲ ಪಾಠ ಮಾಡಿದ ಹಾಗೆ ಹೇಳಿದ. ಮನಸ್ಸು ಒಳ್ಳೆಯದು ಅವನದು. ಆದರೆ ಆಯಿಗೆ ಏನೂ ತಿಳಿಯುವುದಿಲ್ಲ ಅಂತ ಜಾಸ್ತಿ ನಂಬಿಬಿಟ್ಟಿದ್ದಾನೆ.

ನಮ್ಮ ಶಿರಸಿಗೆ ಇವತ್ತಿಗೂ ರೈಲಿಲ್ಲ. ಆಯಿ ಮೊದಲ ಸಲ ರೈಲು ಹತ್ತಿದ್ದು 1998ರಲ್ಲಿ, ಕೊಂಕಣ ರೈಲು ಶುರುವಾದ ಮೇಲೆ, ಘಟ್ಟ ಇಳಿದು ಕುಮಟಾಕ್ಕೆ ಹೋಗಿ. ಕಾರವಾರಕ್ಕೆ ಹೊರಟಿದ್ದೆವು. ಸುರಂಗ ಬಂದಾಗಲೆಲ್ಲ ತಮ್ಮನ ತಲೆಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಬೆಳಕು ಬಂದ ಮೇಲೂ ಸ್ವಲ್ಪ ಹೊತ್ತು ಬಿಡುತ್ತಿರಲಿಲ್ಲ. ಅವನಿಗಾಗ ನಾಲ್ಕು ವರ್ಷ, ನೆನಪಿಲ್ಲ. ನನಗಿದೆ.

ರಾತ್ರಿ ಸುಮ್ನೆ ಆ ಸುರಂಗದ ಬಗ್ಗೆ ಓದಿದೆ. ಹೊಗೆ ಹೋಗಲು ಮೇಲೆ ಒಂದು ಕಿಂಡಿಯೂ ಇಟ್ಟಿರಲಿಲ್ಲ. 1929ರ ನವೆಂಬರಿನಲ್ಲಿ ಒಂದು ಗೂಡ್ಸ್ ಗಾಡಿ ತೀರಾ ನಿಧಾನವಾಗಿ ಒಳಗೆ ಹೋಯಿತು. ಎಂಜಿನ್ನಿನಲ್ಲಿದ್ದವರಿಗೆ ಹೊಗೆ ಕುಡಿದು ಪ್ರಜ್ಞೆ ತಪ್ಪಿತು. ಹಿಡಿಯುವವರಿಲ್ಲದ ಗಾಡಿ ಇಳಿಜಾರಿನಲ್ಲಿ ಓಡಿ ಬಾತ್ ಯಾರ್ಡಿಗೆ ಬಡಿಯಿತು. ಮೂವರು ಸತ್ತರು.

ಆಯಿಗೆ ಈ ಕತೆ ಗೊತ್ತಿಲ್ಲ. ಕತ್ತಲೆಯಲ್ಲಿ ಮಗ ಒಬ್ಬನೇ ನಡೆಯುವುದು ಮಾತ್ರ ಅವಳಿಗೆ ಕಂಡಿತ್ತು. ಅಷ್ಟು ಕಂಡವಳು ಕೇಳಿದ್ದು ದಡ್ಡ ಪ್ರಶ್ನೆ ಹೇಗಾಗುತ್ತದೆ? ನಗುವಂಥದ್ದು ಅದರಲ್ಲಿ ಏನಿತ್ತು?

ಅವತ್ತು ಅರ್ಧ ಸುರಂಗದಲ್ಲೇ ಕಾಲ್ ಕಟ್ಟಾಗಿತ್ತು. ಸಿಗ್ನಲ್ ಹೋಗಿದ್ದು ನಮ್ಮ ಕಡೆಯೇ ಇರಬೇಕು ಅಂತ ಆಯಿ ಫೋನ್ ಹಿಡಿದು ಅಂಗಳಕ್ಕೆ ಇಳಿದಳು. ಹತ್ತು ನಿಮಿಷ ಬಿಸಿಲಲ್ಲೇ ನಿಂತಿದ್ದಳು. ಅಡಿಕೆ ಮುಟ್ಟಲಿಲ್ಲ. ಮತ್ತೆ ಕಾಲ್ ಬಂದಾಗ ತಮ್ಮ ಹೊರಗೆ ಬೆಳಕಿನಲ್ಲಿದ್ದ.

"ರೈಲು ಬಂಜಿಲ್ಯ?" ಕೇಳಿದಳು.

ಅವನು ಅವಳ ಮುಖ ನೋಡಿದ. "ಬಂಜಿಲ್ಲೆ ಆಯಿ," ಎಂದ. ಈ ಸಲ ನಗಲಿಲ್ಲ.